ಎರಡು ಚುಕ್ಕೆಯ ಗಾಲಿ

ದೊಡ್ಡಪ್ಪನ ಬುಲೆಟ್ ಹದಿನೇಳು ವರ್ಷಗಳ ನಂತರ ಮೊದಲ ಸಲ ಗುಡುಗಿದ ದಿನ ನಮ್ಮ ಬೀದಿಯ ಅರ್ಧ ಜನ ಗೇಟಿಗೆ ಬಂದು ನಿಂತಿದ್ದರು. ಅಂದು ಸಂಜೆಯೇ ಆಲೂರು ಕಡೆಯ ರಸ್ತೆಯ ಏರಿನಲ್ಲಿ ಎರಡು ಹಾಲಿನ ಕ್ಯಾನು ಹೊತ್ತ ಮೊಪೆಡ್ಡೊಂದು ನನ್ನನ್ನು ಹಿಂದೆ ಹಾಕಿ ಹೋಯಿತು. ಅದರ ಸವಾರ ಒಮ್ಮೆ ತಿರುಗಿ ಕನಿಕರದಿಂದ ನೋಡಿದ. ನಕ್ಕಿದ್ದರೂ ತಡೆದುಕೊಳ್ಳುತ್ತಿದ್ದೆ.

ಗಾಡಿ 1976ರದು. ಮದರಾಸಿನ ತಿರುವೊಟ್ಟಿಯೂರಿನ ಕಾರ್ಖಾನೆಯಲ್ಲಿ ಎನ್‌ಫೀಲ್ಡ್ ಇಂಡಿಯಾದವರು ಮಾಡಿದ ಎರಕದ ಕಬ್ಬಿಣದ ಎಂಜಿನ್. ಬೋರು, ಅಂದರೆ ಸಿಲಿಂಡರಿನ ಒಳಗಲ, 70 ಮಿಲಿಮೀಟರ್, ಸ್ಟ್ರೋಕು, ಅಂದರೆ ಪಿಸ್ಟನ್ ಓಡಾಡುವ ಉದ್ದ, 90, ಲೆಕ್ಕ ಹಾಕಿದರೆ 346 ಸಿಸಿ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಸಕಲೇಶಪುರದಾಚೆಯ ತೋಟದ ಮನೆಯ ಕಾಫಿ ಗೋದಾಮಿನಲ್ಲಿ, ಗೋಣಿಚೀಲಗಳ ಹಿಂದೆ, ಅದು ಅಷ್ಟು ವರ್ಷ ನಿಂತಿತ್ತು. ಮಲೆನಾಡಿನ ಜಡಿಮಳೆ ಕಬ್ಬಿಣಕ್ಕೆ ಏನು ಮಾಡುತ್ತದೆ ಎಂದು ನೋಡಬೇಕಾದವರು ಆ ಮಡ್‌ಗಾರ್ಡ್ ನೋಡಬೇಕಿತ್ತು. ಪಿಕಪ್ ಗಾಡಿಯಲ್ಲಿ ಹಾಸನಕ್ಕೆ ಇಳಿಸಿಕೊಂಡು ಬಂದು, ವರಾಂಡದ ಅರ್ಧ ಭಾಗವನ್ನು ಹೆಂಡತಿಯಿಂದ ಬೇಡಿ ಪಡೆದು, ಒಂದೂವರೆ ವರ್ಷ ಭಾನುವಾರಗಳನ್ನು ಅದಕ್ಕೆ ಸುರಿದೆ. ಬೋರು ಕೊರೆಸಿದ್ದು, ಪಿಸ್ಟನ್ ಹಾಕಿಸಿದ್ದು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೇರಿಂಗು ಹುಡುಕಿದ್ದು, ಇವೆಲ್ಲ ಎಲ್ಲರೂ ಹೇಳುವ ಕಥೆಗಳು, ಬಿಡುತ್ತೇನೆ. ನನ್ನನ್ನು ನಿಜಕ್ಕೂ ಕಾಡಿದ್ದು ಅಂಗೈಯಗಲದ ಒಂದು ಗಾಲಿ.

ಇಂಥ ಹಳೆಯ ಬುಲೆಟ್ಟಿನ ಬಲಗಡೆ, ಕಾಲಿನ ಬಳಿ, ಒಂದು ಅಲ್ಯೂಮಿನಿಯಂ ಕವರು ಇರುತ್ತದೆ. ಅದರೊಳಗೆ ಟೈಮಿಂಗ್ ಗೇರುಗಳ ಸಂಸಾರ. ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿಸುವ ಕ್ರ್ಯಾಂಕಿನ ತುದಿಯಲ್ಲಿ ಪಿನಿಯನ್ ಎಂಬ ಹಲ್ಲಿನ ಚಿಕ್ಕ ಗಾಲಿ, ಅದರ ಮೇಲೆ ವಾಲ್ವ್ ತೆರೆಸುವ ಉಬ್ಬುಳ್ಳ ಎರಡು ಕ್ಯಾಮ್ ಗಾಲಿಗಳು: ಒಂದು ಪೆಟ್ರೋಲು ಗಾಳಿ ಒಳಗೆ ಬಿಡುವ ಇನ್‌ಲೆಟ್ ವಾಲ್ವಿಗೆ, ಇನ್ನೊಂದು ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವಿಗೆ. ಪಕ್ಕದಲ್ಲಿ ಪ್ಲಗ್ಗಿನ ಕಿಡಿಯ ಹೊತ್ತು ನಿರ್ಧರಿಸುವ ಡಿಸ್ಟ್ರಿಬ್ಯೂಟರ್ ತಿರುಗಿಸಲು ಎರಡು ಮಧ್ಯವರ್ತಿ ಗಾಲಿಗಳು. ಕ್ರ್ಯಾಂಕು ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು. ಪಿಸ್ಟನ್ ಎಲ್ಲಿದ್ದಾಗ ಯಾವ ವಾಲ್ವ್ ಬಾಯಿ ತೆರೆಯಬೇಕು ಎಂಬುದನ್ನು ಈ ಹಲ್ಲುಗಳೇ ತೀರ್ಮಾನಿಸುತ್ತವೆ. ಕೂರಿಸುವಾಗ ಹಲ್ಲು ತಪ್ಪದಿರಲೆಂದು ಕಾರ್ಖಾನೆಯವರು ಗಾಲಿಗಳ ಮುಖದ ಮೇಲೆ ಗುರುತು ಹಾಕಿರುತ್ತಾರೆ. ಗುರುತಿಗೆ ಗುರುತು ಎದುರಾಗಿ ಕೂತರೆ ಕೆಲಸ ಮುಗಿಯಿತು. ಮಧ್ಯವರ್ತಿಗಳಿಗೆ ಗುರುತಿನ ಹಂಗಿಲ್ಲ, ಅವು ಹೇಗೆ ಕೂತರೂ ಡಿಸ್ಟ್ರಿಬ್ಯೂಟರನ್ನು ಆಮೇಲೆ ತಿರುಗಿಸಿ ಸರಿ ಮಾಡಿಕೊಳ್ಳಬಹುದು.

ಕವರು ಮೊದಲ ಸಲ ಬಿಚ್ಚಿದಾಗಲೇ ಒಂದು ಪಾಠ ಆಗಿತ್ತು. ಪಿನಿಯನ್ ಹಿಡಿದಿರುವ ನಟ್ಟು ಬರಿಯ ನಟ್ಟಲ್ಲ, ಅದರ ಮೈಮೇಲೆ ಹುಳದಂತೆ ಸುತ್ತಿದ ಮರೆ ಇದೆ. ಎಣ್ಣೆ ಪಂಪುಗಳನ್ನು ತಿರುಗಿಸುವುದು ಅದೇ. ಅದು ಎಡಮರೆಯದು, ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಎಲ್ಲ ನಟ್ಟುಗಳಂತೆ ಇದನ್ನೂ ಎಡಕ್ಕೆ ತಿರುಗಿಸುತ್ತಾ ಬಿಗಿಯುತ್ತಿದ್ದೆ, ಬಿಚ್ಚುತ್ತಿದ್ದೇನೆ ಎಂದುಕೊಂಡು. ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಿ ಇನ್ನಷ್ಟು ಬಲ ಹಾಕುವ ಹೊತ್ತಿಗೆ ಸರಿಯಾಗಿ ಫೋನು ಬಂತು. ಆ ಫೋನು ಮಾಡಿದ ವಿಮೆ ಕಂಪನಿಯ ಹುಡುಗಿಗೆ ನಾನು ಇಂದಿಗೂ ಋಣಿ. ಎದ್ದು ಹೋಗಿ ಮಾತಾಡಿ ಬರುವಷ್ಟರಲ್ಲಿ ಬುದ್ಧಿ ತಣ್ಣಗಾಗಿ, ಮರೆಯ ದಿಕ್ಕು ನೋಡಬೇಕೆಂದು ಹೊಳೆಯಿತು.

ಎಲ್ಲ ಗಾಲಿಗಳನ್ನೂ ಸೀಮೆಎಣ್ಣೆಯಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಹಳೆಯ ಪಂಚೆಯ ಮೇಲೆ ಸಾಲಾಗಿ ಇಟ್ಟಾಗ ಇನ್‌ಲೆಟ್ ಗಾಲಿಯ ಮೇಲೆ ಎರಡು ಚುಕ್ಕೆಗಳು ಕಂಡವು. ಅಕ್ಕಪಕ್ಕದ ಹಲ್ಲುಗಳ ಬುಡದಲ್ಲಿ. ಒಂದು ದುಂಡಗೆ, ನಯವಾಗಿ, ಯಂತ್ರ ಇಟ್ಟ ಬೊಟ್ಟಿನಂತೆ. ಇನ್ನೊಂದು ಸೊಟ್ಟಗೆ, ಅಂಚು ಉಬ್ಬಿಕೊಂಡು, ಯಾರೋ ಪಂಚ್ ಇಟ್ಟು ಸುತ್ತಿಗೆಯಿಂದ ಎರಡು ಸಲ ಹೊಡೆದದ್ದು. ಮೊದಲ ಪೆಟ್ಟು ಜಾರಿದ ಗೀರೂ ಪಕ್ಕದಲ್ಲೇ ಇತ್ತು. ನೋಡಿದ ಕೂಡಲೇ ನನಗೆ ಸಿಟ್ಟು ಬಂತು. ಯಾವನೋ ದಾರಿ ಬದಿಯ ಮೆಕ್ಯಾನಿಕ್ ಒಳ್ಳೆಯ ಗಾಲಿಯನ್ನು ಕುಲಗೆಡಿಸಿದ್ದಾನೆ ಎಂದು ಗೊಣಗಿಕೊಂಡೇ, ನಯವಾದ ಚುಕ್ಕೆಯನ್ನು ಪಿನಿಯನ್ನಿನ ಚುಕ್ಕೆಗೆ ಎದುರಿಟ್ಟು ಕೂರಿಸಿದೆ. ಮೊಬೈಲಿನಲ್ಲಿ ಫೋಟೊ ಕೂಡ ತೆಗೆದೆ. ಫೋಟೊದಲ್ಲಿ ಎಲ್ಲವೂ ಚೆನ್ನಾಗಿಯೇ ಇತ್ತು.

ಈಗ ಮೊಪೆಡ್ಡಿನ ಸಂಗತಿಗೆ ಬರುತ್ತೇನೆ. ಗಾಡಿ ನಿಂತಲ್ಲಿ ಚೆನ್ನಾಗಿ ಬಡಿದುಕೊಳ್ಳುತ್ತಿತ್ತು. ಓಡುವಾಗ ಮಾತ್ರ ಉಸಿರಿಲ್ಲ. ನಲವತ್ತರ ವೇಗದವರೆಗೆ ಹೊಟ್ಟೆಯಲ್ಲಿ ಗಾಳಿ ತುಂಬಿದವರಂತೆ ಒದ್ದಾಡಿ, ಆಮೇಲೆ ಸ್ವಲ್ಪ ಚೇತರಿಸಿಕೊಳ್ಳುತ್ತಿತ್ತು. ಕಿಕ್ಕರ್ ಒದೆಯುವಾಗಲೂ ಬುಲೆಟ್ಟಿನ ಆ ಪ್ರಸಿದ್ಧ ಬಿಗುವು ಇರಲಿಲ್ಲ. ನನ್ನ ಮಗಳು ಎಂಟನೆಯ ತರಗತಿಯವಳು, ಅವಳೇ ಕೈಯಿಂದ ಕಿಕ್ಕರ್ ಒತ್ತಿ ಇಳಿಸಿದಳು. ಹೊಸ ರಿಂಗು ಇನ್ನೂ ಕೂತಿಲ್ಲ, ಐನೂರು ಕಿಲೋಮೀಟರ್ ಓಡಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಾರ್ಬುರೇಟರ್ ಮೂರು ಸಲ ಬಿಚ್ಚಿದೆ. ಜೆಟ್ಟು ಬದಲಿಸಿದೆ. ಪ್ಲಗ್ಗು ಬದಲಿಸಿದೆ. ನಾನು ಪಿಯು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಹೇಳಿಕೊಡುವವನು. ತಾಳೆಪಟ್ಟಿ ಕೂಡದಿದ್ದಾಗ ಮೊದಲ ಪುಟಕ್ಕೆ ಹಿಂತಿರುಗಬೇಕು ಎಂದು ಮಕ್ಕಳಿಗೆ ವರ್ಷಾನುಗಟ್ಟಲೆ ಹೇಳಿದ್ದೇನೆ. ಕೊನೆಯ ಪುಟದಲ್ಲೇ ಒಂದು ತಿಂಗಳು ಕಳೆದೆ.

ಸಂತೇಪೇಟೆಯ ಕಡೆ ಒಬ್ಬ ಹಿರಿಯ ಮೇಸ್ತ್ರಿ ಇದ್ದಾರೆ. ಕಣ್ಣು ಮಂಜಾಗಿರುವುದರಿಂದ ಈಗ ಕೆಲಸ ಮಾಡುವುದಿಲ್ಲ, ಮಗನ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಗಾಡಿ ನಿಲ್ಲಿಸಿದೆ. ಅವರು ಏಳಲೂ ಇಲ್ಲ. "ಫಿಲ್ಟರ್ ತೆಗೆಯಿರಿ ಮೇಷ್ಟ್ರೇ" ಎಂದರು. ತೆಗೆದೆ. "ಎಂಜಿನ್ ಓಡಲಿ" ಎಂದು ಅಂಗೈಯನ್ನು ಕಾರ್ಬುರೇಟರಿನ ಬಾಯಿಯ ಮುಂದೆ ನಾಲ್ಕು ಬೆರಳು ದೂರದಲ್ಲಿ ಹಿಡಿದರು. ಹತ್ತು ಎಣಿಸುವಷ್ಟರಲ್ಲಿ ಕೈ ತೆಗೆದು ನನ್ನ ಮೂಗಿಗೆ ಹಿಡಿದರು. ಅಂಗೈ ಪೆಟ್ರೋಲಿನಿಂದ ಮಂಜು ಕೂತ ಗಾಜಿನಂತೆ ಒದ್ದೆಯಾಗಿತ್ತು.

"ಕುಡಿದದ್ದನ್ನು ಉಗಿಯುತ್ತಿದೆ. ಬಾಯಿ ತಡವಾಗಿ ಮುಚ್ಚುತ್ತಿದೆ. ಪುಷ್ ರಾಡ್ ತಿರುಗಿಸಿ ನೋಡಿದಿರಾ?"

ಗುರುತು ಸರಿಯಾಗಿ ಕೂರಿಸಿದ್ದೇನೆ ಎಂದು ಫೋಟೊ ತೋರಿಸಿದೆ. ಅವರು ಫೋನು ಕೈಗೆ ತೆಗೆದುಕೊಳ್ಳಲಿಲ್ಲ. "ನನಗೆ ಕಾಣುವುದಿಲ್ಲ" ಎಂದರು. ಅದು ಕಣ್ಣಿನ ಮಾತೋ ಬೇರೆ ಮಾತೋ ಗೊತ್ತಾಗಲಿಲ್ಲ.

ಪುಷ್ ರಾಡ್ ತಿರುಗಿಸುವುದು ಎಂದರೆ ಏನು ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಕೆಳಗಿನ ಕ್ಯಾಮಿನ ತಳ್ಳುವಿಕೆಯನ್ನು ಮೇಲಿನ ವಾಲ್ವಿಗೆ ಮುಟ್ಟಿಸುವ ಸರಳೇ ಪುಷ್ ರಾಡ್. ಈ ಹಳೆಯ ಬುಲೆಟ್ಟಿನಲ್ಲಿ ಟ್ಯಾಪೆಟ್, ಅಂದರೆ ಕ್ಯಾಮಿಗೂ ರಾಡಿಗೂ ನಡುವೆ ಕೂರುವ ತುಂಡು, ಸರಿಪಡಿಸುವ ಜಾಗ ಎಂಜಿನ್ನಿನ ತಲೆಯ ಮೇಲಿಲ್ಲ. ಸಿಲಿಂಡರಿನ ಬಲಬದಿಯ ಬುಡದಲ್ಲಿ ಒಂದೇ ನಟ್ಟಿನ ಪುಟ್ಟ ಮುಚ್ಚಳದ ಹಿಂದೆ ಇದೆ. ಎಂಜಿನ್ ತಣ್ಣಗಿದ್ದಾಗ ಇದಕ್ಕೆ ಗ್ಯಾಪು ಇಡುವಂತಿಲ್ಲ. ವಾಲ್ವ್ ಮುಚ್ಚಿದ್ದಾಗ ರಾಡನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರೆ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು. ಕ್ಯಾಮ್ ತಳ್ಳಲು ಶುರು ಮಾಡಿದ ಕ್ಷಣದಲ್ಲಿ ರಾಡು ಬೆರಳಿನಲ್ಲಿ ಬಿಗಿಯುತ್ತದೆ. ಅಂದರೆ ವಾಲ್ವ್ ತೆರೆಯಿತು. ಮತ್ತೆ ಸಡಿಲವಾದರೆ ಮುಚ್ಚಿತು. ಕಣ್ಣು ಮಂಜಾದವರೂ ಮಾಡಬಹುದಾದ ಪರೀಕ್ಷೆ ಇದು. ಆಗ ಕ್ರ್ಯಾಂಕು ಎಷ್ಟು ಡಿಗ್ರಿಯಲ್ಲಿದೆ ಎಂದು ತಿಳಿದರೆ ಸಾಕು.

ಡಿಗ್ರಿ ತಟ್ಟೆಯನ್ನು ಮಗಳ ಜಾಮಿಟ್ರಿ ಪೆಟ್ಟಿಗೆಯಿಂದ ಮಾಡಿದೆವು. ಎರಡು ಕೋನಮಾಪಕಗಳನ್ನು ಬೆನ್ನಿಗೆ ಬೆನ್ನು ಸೇರಿಸಿ, ಮದುವೆ ಕರೆಯೋಲೆಯ ದಪ್ಪ ರಟ್ಟಿನ ಮೇಲೆ ಅಂಟಿಸಿ, ನಡುವೆ ತೂತು ಕೊರೆದೆ. ಎಡಗಡೆಯ ಪ್ರೈಮರಿ ಚೈನಿನ ಕವರು ಬಿಚ್ಚಿ, ಕ್ರ್ಯಾಂಕಿನ ತುದಿಗೆ ತಟ್ಟೆ ಸಿಕ್ಕಿಸಿ, ಪಕ್ಕದ ಬೋಲ್ಟಿಗೆ ಕಟ್ಟಿದ ತಂತಿಯೇ ಮುಳ್ಳಾಯಿತು. ಇನ್ನು ಪಿಸ್ಟನ್ ತುತ್ತತುದಿಯಲ್ಲಿರುವ ಜಾಗವನ್ನು ಹಿಡಿಯಬೇಕು. ಪ್ಲಗ್ಗಿನ ತೂತಿನಲ್ಲಿ ಸ್ಕ್ರೂ ಡ್ರೈವರ್ ಬಿಟ್ಟು ನೋಡುವುದು ಸುಲಭ, ಆದರೆ ತುದಿಯಲ್ಲಿ ಪಿಸ್ಟನ್ ನಾಲ್ಕೈದು ಡಿಗ್ರಿ ಅಲುಗಾಡದೆ ನಿಂತಂತೆ ಕಾಣುತ್ತದೆ. ನಡುಬಿಂದು ಯಾವುದೆಂದು ತಿಳಿಯುವುದಿಲ್ಲ. ಅದಕ್ಕೆ ಒಂದು ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಒಳಗೆ ಉದ್ದನೆಯ ಬೋಲ್ಟು ಬೆಸೆಸಿ ತಂದೆ. ಅದನ್ನು ಪ್ಲಗ್ಗಿನ ಜಾಗಕ್ಕೆ ಹಾಕಿ ಕ್ರ್ಯಾಂಕನ್ನು ಮೆಲ್ಲಗೆ ಒಂದು ಕಡೆಗೆ ತಿರುಗಿಸಿದರೆ ಪಿಸ್ಟನ್ ಬೋಲ್ಟಿಗೆ ತಾಗಿ ನಿಲ್ಲುತ್ತದೆ. ಇನ್ನೊಂದು ಕಡೆಗೆ ತಿರುಗಿಸಿದರೆ ಅಲ್ಲೂ ತಾಗುತ್ತದೆ. ನಮಗೆ ಒಂದು ಕಡೆ 41, ಇನ್ನೊಂದು ಕಡೆ 47 ಬಂತು. ತಂತಿಯನ್ನು ಮೂರು ಡಿಗ್ರಿ ಬಾಗಿಸಿದ ಮೇಲೆ ಎರಡೂ ಕಡೆ 44. ಅಲ್ಲಿಗೆ ಸೊನ್ನೆ ನಿಜವಾದ ಸೊನ್ನೆಯಾಯಿತು.

ಬೋಲ್ಟು ತೆಗೆದೆ. ಮಗಳು ಎಡಗಡೆ ಚಾಪೆ ಹಾಕಿಕೊಂಡು ಟಾರ್ಚು ಹಿಡಿದು ತಟ್ಟೆಯ ಮುಂದೆ ಕೂತಳು, ಬಲಗೈಯಲ್ಲಿ ನಟ್ಟಿಗೆ ಹಾಕಿದ ಸ್ಪ್ಯಾನರು. ನಾನು ಬಲಗಡೆ, ಇನ್‌ಲೆಟ್ ರಾಡನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಬೀಡಿ ಹೊಸೆಯುವವರಂತೆ ಹೊಸೆಯುತ್ತಾ. ಅವಳು ಒಂದೊಂದೇ ಡಿಗ್ರಿ ತಿರುಗಿಸುತ್ತಾ ಹೋದಳು. ತಿರುಗುತ್ತಿದೆ, ತಿರುಗುತ್ತಿದೆ, ರಾಡಿಗೆ ಸ್ವಲ್ಪ ಜಿಗುಟು ಬಂತು, ಬಿಗಿಯಿತು. "ನಿಲ್ಲಿಸು" ಎಂದೆ.

"ಹದಿನಾಲ್ಕು" ಎಂದಳು.

ನನ್ನ ಬಳಿ ಇದ್ದ ಕೈಪಿಡಿಯ ಪ್ರಕಾರ ಇನ್‌ಲೆಟ್ ತೆರೆಯಬೇಕಾದದ್ದು ತುದಿಗಿಂತ ಸುಮಾರು 30 ಡಿಗ್ರಿ ಮೊದಲು. ಮತ್ತೆ ಮಾಡಿದೆವು, 13. ಇನ್ನೊಮ್ಮೆ, 15. ಬೆರಳಿನ ಅಂದಾಜಿನಲ್ಲಿ ನಾಲ್ಕೈದು ಡಿಗ್ರಿ ಹೆಚ್ಚುಕಡಿಮೆ ಆಗುತ್ತದೆ, ಕ್ಯಾಮ್ ಮೊದಲು ಮೆಲ್ಲಗೆ ಎತ್ತುವುದರಿಂದ ಬಿಗಿಯುವ ಕ್ಷಣ ಗೆರೆ ಎಳೆದಂತೆ ಇರುವುದಿಲ್ಲ. ಹದಿನಾರು ಡಿಗ್ರಿ ವ್ಯತ್ಯಾಸವನ್ನು ಬೆರಳಿನ ಮೇಲೆ ಹೊರಿಸಲಾಗದು. ಎಕ್ಸಾಸ್ಟ್ ರಾಡು ಹಿಡಿದು ನೋಡಿದೆವು. ಅದು ತುದಿ ದಾಟಿ 33ಕ್ಕೆ ಸಡಿಲವಾಯಿತು. ಇರಬೇಕಾದದ್ದು ಸುಮಾರು 35. ಅದು ತನ್ನ ಮನೆಯಲ್ಲೇ ಇದೆ. ಹಾಗಾದರೆ ಇನ್‌ಲೆಟ್ ಒಂದೇ ತಡ.

ಲೆಕ್ಕವೂ ಕೂಡಿತು. ಕ್ಯಾಮ್ ಗಾಲಿಯ ಒಂದು ಸುತ್ತು ಕ್ರ್ಯಾಂಕಿನ 720 ಡಿಗ್ರಿ. ಗಾಲಿಗೆ ನಲವತ್ತು ಹಲ್ಲಿದ್ದರೆ ಒಂದು ಹಲ್ಲಿನ ತಪ್ಪಿಗೆ ಕ್ರ್ಯಾಂಕಿನಲ್ಲಿ 18 ಡಿಗ್ರಿ, ಐವತ್ತಿದ್ದರೆ 14ರ ಮೇಲೆ ಸ್ವಲ್ಪ. ನಮ್ಮ ಹದಿನಾರು ಅವೆರಡರ ನಡುವೆ ಬಂದು ಕೂತಿತ್ತು. ಒಂದು ಹಲ್ಲು. ಆ ಒಂದು ಹಲ್ಲಿನಿಂದ ಇನ್‌ಲೆಟ್ ವಾಲ್ವ್ ತಡವಾಗಿ ಮುಚ್ಚಿ, ಮೇಲೆ ಬರುತ್ತಿರುವ ಪಿಸ್ಟನ್ ಆಗತಾನೆ ಕುಡಿದ ಪೆಟ್ರೋಲು ಗಾಳಿಯನ್ನು ಕಾರ್ಬುರೇಟರಿಗೆ ವಾಪಸು ತಳ್ಳುತ್ತಿತ್ತು. ಮೇಸ್ತ್ರಿಯವರ ಅಂಗೈ ಒದ್ದೆಯಾದದ್ದು, ಹುಡುಗಿಯ ಕೈಗೂ ಕಿಕ್ಕರ್ ಬಗ್ಗಿದ್ದು, ಮೊಪೆಡ್ಡು ಮುಂದೆ ಹೋದದ್ದು ಎಲ್ಲವೂ ಅದರ ಮಕ್ಕಳು ಮರಿಗಳು.

ಕವರು ಮತ್ತೆ ಬಿಚ್ಚಿದೆ. ಅದರ ಸ್ಕ್ರೂಗಳು ಒಂದೊಂದು ಒಂದೊಂದು ಉದ್ದ. ರಟ್ಟಿನ ಮೇಲೆ ಕವರಿನ ಚಿತ್ರ ಬರೆದು ಆಯಾ ಜಾಗದಲ್ಲಿ ತೂತು ಮಾಡಿ ಚುಚ್ಚಿಟ್ಟೆ. ಉದ್ದದ್ದನ್ನು ಗಿಡ್ಡದ ತೂತಿಗೆ ಹಾಕಿ ಬಿಗಿದು ಕೇಸು ಒಡೆದವರ ಕಥೆ ಕೇಳಿದ್ದೆ. ಈ ಸಲ ಎಡಮರೆಯ ನಟ್ಟಿನ ಗೊಡವೆ ಇರಲಿಲ್ಲ, ಕ್ಯಾಮ್ ಗಾಲಿಗಳು ಕದಲದ ಗೂಟಗಳ ಮೇಲೆ ಸುಮ್ಮನೆ ತಿರುಗುವಂಥವು, ಟ್ಯಾಪೆಟ್ ಸಡಿಲಿಸಿದರೆ ಕೈಗೇ ಜಾರಿ ಬರುತ್ತವೆ. ಇನ್‌ಲೆಟ್ ಗಾಲಿಯನ್ನು ಹೊರಗೆ ತೆಗೆದು, ಯಾವ ಕಡೆಗೆ ಒಂದು ಹಲ್ಲು ಎಂದು ಯೋಚಿಸುತ್ತಾ ಬೆಳಕಿಗೆ ಹಿಡಿದೆ. ಮುಂಚೆ ತೆರೆಯಬೇಕೆಂದರೆ ಗಾಲಿ ತಾನು ತಿರುಗುವ ದಿಕ್ಕಿಗೇ ಒಂದು ಹಲ್ಲು ಮುಂದೆ ಹೋಗಬೇಕು. ಬೆರಳಿಟ್ಟು ಎಣಿಸಿದೆ. ಪಿನಿಯನ್ನಿನ ಚುಕ್ಕೆಗೆ ಎದುರಾಗಿ ಬಂದದ್ದು ಆ ಸೊಟ್ಟ ಪಂಚಿನ ಗುರುತು.

ಗಾಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೆಯೇ ಕೂತೆ. ಮಗಳು ಏನಾಯಿತು ಎಂದಳು. ಏನಿಲ್ಲ ಎಂದೆ.

ಕೂರಿಸಿ, ಟ್ಯಾಪೆಟ್ ಮತ್ತೆ ಸರಿ ಮಾಡಿ, ಅಳೆದೆವು. 29, 31, 30. ಎಕ್ಸಾಸ್ಟ್ ಮೊದಲಿನಂತೆ 33. ಹೊಗೆ ಹೋಗುವುದು ಮುಗಿದು ಹೊಸ ಗಾಳಿ ಬರುವ ಆ ಸಂಧಿಯಲ್ಲಿ ಪಿಸ್ಟನ್ನನ್ನು ತುದಿಗೆ ತಂದು ನಿಲ್ಲಿಸಿ ಎರಡೂ ರಾಡುಗಳನ್ನು ಮುಟ್ಟಿ ನೋಡಿದೆ, ಎರಡೂ ಬಿಗಿ. ಕ್ರ್ಯಾಂಕನ್ನು ಹಿಂದಕ್ಕೆ ತಳ್ಳಿದರೆ ಒಂದು ಇಳಿಯುತ್ತದೆ, ಮುಂದಕ್ಕೆ ತಳ್ಳಿದರೆ ಇನ್ನೊಂದು, ತಕ್ಕಡಿಯ ತಟ್ಟೆಗಳಂತೆ. ಹಿಂದಿನ ದಿನ ಇದೇ ಜಾಗದಲ್ಲಿ ಎಕ್ಸಾಸ್ಟ್ ಚೆನ್ನಾಗಿ ಎದ್ದಿದ್ದರೆ ಇನ್‌ಲೆಟ್ ಅರೆಬರೆ ಎದ್ದಿತ್ತು. ತಟ್ಟೆ, ತಂತಿ ಏನೂ ಇಲ್ಲದಿದ್ದರೂ ಈ ಒಂದು ತಕ್ಕಡಿ ನೋಡಿಯೇ ಹಲ್ಲು ತಪ್ಪಿದ್ದನ್ನು ಹೇಳಬಹುದಿತ್ತು.

ಕ್ಯಾಮ್ ಗಾಲಿ ತೆಗೆದು ಹಾಕಿದ ಮೇಲೆ ಪಾಯಿಂಟಿನ ಟೈಮಿಂಗ್ ಮತ್ತೆ ನೋಡಲೇಬೇಕು. ಪಾಯಿಂಟ್ ಎಂದರೆ ಡಿಸ್ಟ್ರಿಬ್ಯೂಟರಿನೊಳಗಿನ ಪುಟ್ಟ ಸ್ವಿಚ್ಚು, ಅದು ಬಿಟ್ಟಾಗ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪಾಯಿಂಟ್ ಗ್ಯಾಪು 0.35ರಿಂದ 0.40 ಮಿಲಿಮೀಟರ್ ಇಟ್ಟು, ಕಂಪ್ರೆಷನ್ನಿನಲ್ಲಿ ಪಿಸ್ಟನ್ ತುದಿಗೆ ಒಂದು ಮಿಲಿಮೀಟರಿಗಿಂತ ಕಡಿಮೆ ಇರುವಾಗ ಪಾಯಿಂಟು ಬಿಡುವಂತೆ ಡಿಸ್ಟ್ರಿಬ್ಯೂಟರ್ ತಿರುಗಿಸಿದೆ. ಬಿಟ್ಟ ಕ್ಷಣವನ್ನು ಹಿಡಿಯಲು ಸಿಗರೇಟಿನ ತೆಳು ಕಾಗದ ಸಿಕ್ಕಿಸಿ ಎಳೆಯುತ್ತಾರೆ. ನಾನು ಗಾಡಿಯ ಆಮೀಟರನ್ನೇ ನಂಬಿದೆ: ಚಾವಿ ಹಾಕಿ ತಿರುಗಿಸುತ್ತಾ ಹೋದರೆ ಪಾಯಿಂಟು ಕೂಡಿರುವವರೆಗೆ ಮುಳ್ಳು ಎಡಕ್ಕೆ ವಾಲಿರುತ್ತದೆ, ಬಿಟ್ಟ ಕೂಡಲೇ ಟಕ್ಕೆಂದು ನಡುವಿಗೆ ಬರುತ್ತದೆ. ಹಳೆಯ ಬುಲೆಟ್ ಒದೆಯುವವರೆಲ್ಲ ಸಿಲಿಂಡರಿನ ಒತ್ತಡ ಬಿಡಿಸುವ ಡೀಕಂಪ್ರೆಸರ್ ಒತ್ತಿ ಮುಳ್ಳನ್ನು ನಡುವಿಗೆ ತರುತ್ತಾರಲ್ಲ, ಅದೇ ಮುಳ್ಳು.

ಕವರು ಮುಚ್ಚುವಾಗ ಅವಸರ ಮಾಡಲಿಲ್ಲ. ಕವರಿನೊಳಗಿನ ಪಂಪಿನ ಹಲ್ಲು ಕ್ರ್ಯಾಂಕಿನ ಆ ಹುಳದ ಮರೆಗೆ ಹೊಂದಿಕೊಳ್ಳಬೇಕು. ಬಡಿದರೆ ಹಲ್ಲು ಹೋಗುತ್ತದೆ. ಎಂಜಿನ್ನನ್ನು ಮೆಲ್ಲಗೆ ತಿರುಗಿಸುತ್ತಾ ಒತ್ತಿದರೆ ತಾನಾಗಿಯೇ ಒಳಗೆ ಜಾರುತ್ತದೆ. ಹೊಸ ಪ್ಯಾಕಿಂಗ್ ಹಾಕಿ ಬಿಗಿದು, ತಲೆಯಲ್ಲಿ ವಾಲ್ವ್ ಒತ್ತುವ ರಾಕರಿಗೆ ಹೋಗುವ ಎಣ್ಣೆ ಕೊಳವೆಯ ಬೋಲ್ಟನ್ನು ಒಂದು ಸುತ್ತು ಸಡಿಲಿಸಿ ಎಂಜಿನ್ ಓಡಿಸಿದೆ. ಎಣ್ಣೆ ಜಿನುಗಿತು. ಬಿಗಿದೆ.

ಮರುದಿನ ಬೆಳಗ್ಗೆ ಕಿಕ್ಕರ್ ಮೇಲೆ ಕಾಲಿಟ್ಟರೆ ಅದು ನನ್ನನ್ನೇ ಎತ್ತಿ ನಿಲ್ಲಿಸಿತು. ಮಗಳು ಎರಡೂ ಕೈ ಹಾಕಿದಳು, ಬಗ್ಗಲಿಲ್ಲ. ಆಲೂರು ಕಡೆಯ ಅದೇ ಏರನ್ನು ಟಾಪ್ ಗೇರಿನಲ್ಲಿ ಹತ್ತಿದೆ. ಮೊಪೆಡ್ಡು ಸಿಗಲಿಲ್ಲ, ಅದೊಂದು ಕೊರತೆ. ಬರುವಾಗ ಸಂತೇಪೇಟೆಯ ಕಡೆಯಿಂದ ಬಂದೆ. ಮೇಸ್ತ್ರಿಯವರು ಸದ್ದು ಕೇಳಿಯೇ ಸ್ಟೂಲಿನ ಮೇಲಿಂದ ಕೈ ಎತ್ತಿದರು.

ರಾತ್ರಿ ದೊಡ್ಡಪ್ಪನಿಗೆ ಫೋನು ಮಾಡಿದೆ. ಅವರಿಗೆ ಈಗ ಎಂಬತ್ತೊಂದು, ಕಿವಿ ಮಂದ, ನೆನಪು ಮಾತ್ರ ಗಟ್ಟಿ. ಇನ್‌ಲೆಟ್ ಗಾಲಿ ಯಾವಾಗಲಾದರೂ ಬದಲಾಗಿತ್ತೇ ಎಂದು ಕೂಗಿ ಕೇಳಿದೆ.

"ಆಗಿತ್ತಲ್ಲೋ. ಕಾಫಿ ಕೊಯ್ಲಿನ ಸಮಯ. ಹೊಸ ಗಾಲಿ ತರಿಸಿಕೊಟ್ಟೆ, ಕಂಪನಿಯದು ಸಿಗಲಿಲ್ಲ, ಬೇರೆ ಯಾವುದೋ. ಮೆಕ್ಯಾನಿಕ್ ಹುಡುಗ ಒಬ್ಬ ಬಸ್ಸಿಳಿದು ನಡೆದುಕೊಂಡು ಬಂದಿದ್ದ. ರಾತ್ರಿಯೆಲ್ಲ ಗೋದಾಮಿನಲ್ಲಿ ಲಾಟೀನು ಇಟ್ಟುಕೊಂಡು ಕೂತಿದ್ದ. ಗಾಲಿ ಮಾಡಿದವನಿಗೆ ಹಲ್ಲು ಎಣಿಸಲು ಬರುವುದಿಲ್ಲ ಎಂದು ಬೈಯುತ್ತಿದ್ದ."

"ಅದರ ಮೇಲೆ ಪಂಚ್ ಹೊಡೆದಿದ್ದಾನೆ ದೊಡ್ಡಪ್ಪ."

"ಹೊಡೆದಿದ್ದ, ಹೊಡೆದಿದ್ದ. ಬೆಳಗ್ಗೆ ನೋಡಿದೆ. ಹೊಸ ಗಾಲಿ ಹಾಳು ಮಾಡಿದ ಎಂದು ಕೂಲಿಯಲ್ಲಿ ಇಪ್ಪತ್ತು ರೂಪಾಯಿ ಹಿಡಿದುಕೊಂಡೆ."